ಹುಳಿ ಬಂದಿದ್ದೋ, ಹಳಸಿದ್ದೋ? ಹಿಟ್ಟು, ಮೊಸರು, ತಂಗಳನ್ನ, ಬೂಷ್ಟಿನ ಲೆಕ್ಕ

ಸಣ್ಣಡುಗೆಮನೆ
ದೋಸೆ ಹಿಟ್ಟನ್ನು ರಾತ್ರಿಯಿಡೀ ಕಟ್ಟೆ ಮೇಲೆ ಬಿಟ್ಟರೆ ‘ಹುದುಗು ಬಂತು’ ಅಂತೀವಿ. ಅದೇ ಕಟ್ಟೆ ಮೇಲೆ ಅದೇ ರಾತ್ರಿ ಉಳಿದ ಅನ್ನಕ್ಕೆ ‘ಹಳಸಿತು’ ಅಂತೀವಿ. ಎರಡೂ ಅಕ್ಕಿಯೇ, ಎರಡೂ ಕಡೆ ಕೆಲಸ ಮಾಡಿದ್ದು ಸೂಕ್ಷ್ಮಾಣುಗಳೇ. ಹಾಗಾದ್ರೆ ಇಟ್ಕೊಳ್ಳೋದು ಯಾವುದು, ಚೆಲ್ಲೋದು ಯಾವುದು ಅನ್ನೋದಕ್ಕೆ ಮೂಗು, ಕಣ್ಣು ಬಿಟ್ಟು ಬೇರೆ ಲೆಕ್ಕ ಇದೆಯಾ?

ಮುಖ್ಯವಾಗಿ ನಾಲ್ಕು ವಿಷಯಕ್ಕೆ ಕೇಳ್ತಿದ್ದೀನಿ. ಬೆಂಗಳೂರಿನ ಡಿಸೆಂಬರ್ ಚಳಿಗೆ ಹಿಟ್ಟು ಬೆಳಿಗ್ಗೆ ಆದ್ರೂ ಉಬ್ಬಲ್ಲ, ಸೋಡಾ ಹಾಕದೆ ದಾರಿ ಏನು? ಮೊಸರು ಸೌಟಿನಲ್ಲಿ ಎತ್ತಿದ್ರೆ ನೂಲು ನೂಲಾಗಿ ಎಳೆಯುತ್ತೆ, ತಿನ್ನಬಹುದಾ? ರಾತ್ರಿಯ ಅನ್ನವನ್ನು ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿ ಚಿತ್ರಾನ್ನ ಕಲಸಿದ್ರೆ ಸಾಕಲ್ವಾ? ಕೊಬ್ಬರಿ ಮೇಲಿನ ಬೂಷ್ಟು ಒರೆಸಿ ಬಳಸಬಹುದಾ? ಅಂದಾಜಿನ ಮಾತು ಬೇಡ. ಎಷ್ಟು, ಹೇಗೆ, ಯಾಕೆ ಅಂತ ಗೊತ್ತಿರೋರು ಹೇಳಿ.

ಒರಳುಕಲ್ಲು
ಹಿಟ್ಟಿನಿಂದ ಶುರು ಮಾಡ್ತೀನಿ. ಇಡ್ಲಿಗೆ ಒಂದು ಲೋಟ ಉದ್ದಿನಬೇಳೆಗೆ ಎರಡು ಲೋಟ ಇಡ್ಲಿ ರವೆ. ದೋಸೆಗೆ ಒಂದು ಲೋಟ ಉದ್ದು, ಮೂರು ಲೋಟ ಅಕ್ಕಿ, ಒಂದು ಚಮಚ ಮೆಂತ್ಯ, ಅರ್ಧ ಲೋಟ ಅವಲಕ್ಕಿ. ಉದ್ದನ್ನು ಮೊದಲು ಎರಡು ಮೂರು ಸಲ ತೊಳೆದು, ಆಮೇಲೆ ನಾಲ್ಕು ಗಂಟೆ ನೆನೆಸಿ. ನೆನೆಸಿದ ನೀರನ್ನು ಚೆಲ್ಲಬೇಡಿ, ಅದರಲ್ಲೇ ರುಬ್ಬಿ. ಹಿಟ್ಟು ಉಬ್ಬಿಸೋ ಬ್ಯಾಕ್ಟೀರಿಯಾ ಹೊರಗಿಂದ ಬರೋದಲ್ಲ, ಉದ್ದಿನಬೇಳೆಯ ಮೇಲೇ ಇರುತ್ತೆ. ನೆನೆಸಿದ ನೀರಿನಲ್ಲಿ ಅದು ಆಗಲೇ ಬೆಳೆಯೋಕೆ ಶುರು ಮಾಡಿರುತ್ತೆ. ಆ ನೀರು ಚೆಲ್ಲಿ ನಲ್ಲಿಯ ಕ್ಲೋರಿನ್ ನೀರು ಹಾಕಿ ರುಬ್ಬಿದ್ರೆ ಹೆಪ್ಪನ್ನೇ ಚೆಲ್ಲಿದ ಹಾಗೆ.

ಇದರಲ್ಲಿ ಮುಖ್ಯವಾದ್ದು ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್. ಹುಳಿಯ ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತೆ. ಉಬ್ಬಿಸೋದು ಆ ಗಾಳಿ. ಗಾಳಿ ಹೊರಗೆ ಹೋಗದ ಹಾಗೆ ಹಿಡಿಯೋದು ಉದ್ದಿನ ಲೋಳೆ ಮತ್ತು ಪ್ರೋಟೀನು. ಅದಕ್ಕೇ ಹಳೇ ಉದ್ದು ಹಾಕಿದ್ರೆ ಅಥವಾ ಹಿಟ್ಟು ನೀರಾದ್ರೆ ಹುಳಿ ಬರುತ್ತೆ, ಉಬ್ಬಲ್ಲ. ಗುಳ್ಳೆ ಮೇಲೆ ಬಂದು ಒಡೆದು ಹೋಗುತ್ತೆ ಅಷ್ಟೆ.

ಸಣ್ಣಡುಗೆಮನೆ
ಚಳಿಗೆ ಏನು ಮಾಡೋದು?

ಒರಳುಕಲ್ಲು
ಈ ಬ್ಯಾಕ್ಟೀರಿಯಾಗೆ ಹಿತವಾದ ಶಾಖ 28ರಿಂದ 32 ಡಿಗ್ರಿ. ಬೆಂಗಳೂರಿನ ಡಿಸೆಂಬರ್ ರಾತ್ರಿ 15–16ಕ್ಕೆ ಇಳಿಯುತ್ತೆ, ಹಾಗಾಗಿ 8 ಗಂಟೆಯ ಕೆಲಸ 14–16 ಗಂಟೆ ಹಿಡಿಯುತ್ತೆ. ಮೊದಲು ಉದ್ದು ಮತ್ತು ಅಕ್ಕಿಯನ್ನು ಬೇರೆ ಬೇರೆ ರುಬ್ಬಿ ಕೈಗೆ ಬೆಚ್ಚಗೆ ಅನ್ನಿಸೋ ಹಾಗೆ ಕಲಸಿ. ಪಾತ್ರೆಯ ಅರ್ಧ ಮಾತ್ರ ತುಂಬಿ. ಆ ಪಾತ್ರೆಯನ್ನು ಇನ್ನೊಂದು ದೊಡ್ಡ ಡಬರಿಯಲ್ಲಿಟ್ಟು ಸುತ್ತ 40 ಡಿಗ್ರಿಯಷ್ಟು ಬಿಸಿನೀರು ಹಾಕಿ, ಮಲಗೋ ಮುಂಚೆ ಒಂದು ಸಲ ನೀರು ಬದಲಿಸಿ. ಓವನ್ ಇದ್ದರೆ ಒಳಗಿನ ದೀಪ ಮಾತ್ರ ಹಚ್ಚಿ ಬಾಗಿಲು ಹಾಕಿಡಿ, ಓವನ್ ಉರಿಸಬೇಡಿ. ಹಿಂದಿನ ಸಲದ ಹಿಟ್ಟು ಎರಡು ಚಮಚ ಸೇರಿಸಿದ್ರೆ ಮೂರು ನಾಲ್ಕು ಗಂಟೆ ಉಳಿಯುತ್ತೆ.

ಬೇಸಿಗೆಯಲ್ಲಿ ತೊಂದರೆ ಉಲ್ಟಾ. ಮಿಕ್ಸಿಯಲ್ಲಿ ರುಬ್ಬಿದ್ರೆ ಹಿಟ್ಟು ಕಾಯುತ್ತೆ. ಜಾರ್ ಮುಟ್ಟಿದ್ರೆ ಸುಡೋ ಹಾಗಿದ್ರೆ ಬ್ಯಾಕ್ಟೀರಿಯಾಗೂ ಏಟು, ಉದ್ದಿನ ಪ್ರೋಟೀನಿಗೂ ಏಟು. ಐಸ್ ನೀರು ಹಾಕಿ ಬಿಟ್ಟು ಬಿಟ್ಟು ರುಬ್ಬಿ.

ಕೈಗುಣ
ಇಷ್ಟೆಲ್ಲ ಬೇಡ. ಕೈಯಲ್ಲಿ ಕಲಸಿದ್ರೆ ಉಬ್ಬುತ್ತೆ, ಸೌಟಲ್ಲಿ ಕಲಸಿದ್ರೆ ಉಬ್ಬಲ್ಲ. ಕೈಯಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾನೇ ಅದಕ್ಕೆ ಕಾರಣ. ಮತ್ತೆ ಅಯೋಡಿನ್ ಉಪ್ಪು ಹಾಕಲೇಬಾರದು, ಹುದುಗು ಸಾಯುತ್ತೆ.

ಲ್ಯಾಬ್ ಕೋಟು
ಎರಡೂ ತಪ್ಪು, ಬೇಜಾರಾಗಬೇಡಿ. ಕೈಯಲ್ಲಿ ಕಲಸಿದಾಗ ಆಗೋದು ಎರಡು: ಉದ್ದು ಅಕ್ಕಿ ಸಮನಾಗಿ ಬೆರೆಯುತ್ತೆ, ಕೈಯ ಬಿಸಿ ಸ್ವಲ್ಪ ಸೇರುತ್ತೆ. ಸೌಟಲ್ಲೂ ಎರಡು ನಿಮಿಷ ಅಡಿಯಿಂದ ಮೇಲಕ್ಕೆ ಎತ್ತಿ ಎತ್ತಿ ಕಲಸಿದ್ರೆ ಅಷ್ಟೇ ಉಬ್ಬುತ್ತೆ. ಕೈಯ ಚರ್ಮದಲ್ಲಿ ಸಾಮಾನ್ಯವಾಗಿ ಇರೋದು ಸ್ಟಾಫಿಲೊಕಾಕಸ್ ಜಾತಿಗಳು, ಅವು ಹಿಟ್ಟು ಉಬ್ಬಿಸಲ್ಲ. ಬೆರಳಲ್ಲಿ ಕೀವುಗಟ್ಟಿದ ಗಾಯ ಇದ್ದರಂತೂ ಕೈ ಹಾಕಲೇಬೇಡಿ.

ಅಯೋಡಿನ್ ಲೆಕ್ಕ ಮಾಡಿ ನೋಡಿ. ಮನೆಗೆ ಬರೋ ಉಪ್ಪಿನಲ್ಲಿ ಕಿಲೋಗೆ 15 ಮಿಲಿಗ್ರಾಂ ಅಯೋಡಿನ್ ಇದೆ ಅನ್ಕೊಳ್ಳಿ. ಒಂದೂವರೆ ಕಿಲೋ ಹಿಟ್ಟಿಗೆ 10 ಗ್ರಾಂ ಉಪ್ಪು ಹಾಕಿದ್ರೆ ಸೇರೋ ಅಯೋಡಿನ್ 0.15 ಮಿಲಿಗ್ರಾಂ. ಅಂದ್ರೆ ಕಿಲೋ ಹಿಟ್ಟಿಗೆ 0.1 ಮಿಲಿಗ್ರಾಂ. ಅಷ್ಟಕ್ಕೆ ಯಾವ ಬ್ಯಾಕ್ಟೀರಿಯಾನೂ ಸಾಯಲ್ಲ. ಉಪ್ಪು ಹಾಕೋ ಹೊತ್ತು ಮಾತ್ರ ಮುಖ್ಯ. ಉಪ್ಪು ಹುದುಗನ್ನು ತುಸು ನಿಧಾನ ಮಾಡುತ್ತೆ. ಆದ್ದರಿಂದ ಬೇಸಿಗೆಯಲ್ಲಿ ರುಬ್ಬಿದ ತಕ್ಷಣ ಹಾಕಿ, ಚಳಿಗಾಲದಲ್ಲಿ ಉಬ್ಬಿದ ಮೇಲೆ ಹಾಕಿ.

ಕೈಗುಣ
ಉಪ್ಪಿನ ಲೆಕ್ಕ ಒಪ್ಪಿದೆ. ಕೈಯದ್ದು ಒಪ್ಪಲ್ಲ.

ಲ್ಯಾಬ್ ಕೋಟು
ಸುಲಭ ಪರೀಕ್ಷೆ ಇದೆ. ಒಂದೇ ಹಿಟ್ಟು, ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿ. ಒಂದನ್ನು ಕೈಯಲ್ಲಿ, ಒಂದನ್ನು ಕುದಿನೀರಲ್ಲಿ ತೊಳೆದ ಸೌಟಲ್ಲಿ ಅಷ್ಟೇ ಹೊತ್ತು ಕಲಸಿ ಪಕ್ಕ ಪಕ್ಕ ಇಡಿ. ಹೊರಗಡೆ ರಬ್ಬರ್ ಬ್ಯಾಂಡ್ ಹಾಕಿ ಮಟ್ಟ ಗುರುತು ಮಾಡಿ. ಬೆಳಿಗ್ಗೆ ಎತ್ತರ ಅಳೆದು ಇಲ್ಲೇ ಬರೀರಿ.

ಕರಾವಳಿ ಗಂಜಿ
ಸೋಡಾ ಬಗ್ಗೆ ಯಾರೂ ಹೇಳಲಿಲ್ಲ ಮಾರಾಯ್ರೆ. ಸೋಡಾ ಹಾಕಿದ್ರೂ ಗಾಳಿ ಬರ್ತದೆ, ಇಡ್ಲಿ ಮೆತ್ತಗೆ ಆಗ್ತದೆ. ಆದರೆ ಹುಳಿ ಬರುವುದಿಲ್ಲ, ಇದ್ದ ಹುಳಿಯನ್ನೂ ಅದು ತಿಂದು ಹಾಕ್ತದೆ. ಕ್ಷಾರಕ್ಕೆ ಬಿ1 ಜೀವಸತ್ವ ಹಾಳಾಗ್ತದೆ. ಇಡ್ಲಿಯ ಹಾಗೇ ಇರುವ ಮಂಗಳೂರಿನ ಸಾನ್ನಕ್ಕೆ ಹಿಂದಿನಿಂದ ಶೇಂದಿ ಹಾಕುವ ಕ್ರಮ. ಅಲ್ಲಿ ಉಬ್ಬಿಸುವುದು ಬ್ಯಾಕ್ಟೀರಿಯಾ ಮಾತ್ರ ಅಲ್ಲ, ಶೇಂದಿಯ ಯೀಸ್ಟು. ಅದಕ್ಕೇ ಸಾನ್ನದ ಪರಿಮಳ ಬೇರೆ. ಮತ್ತೆ ಚಳಿಗೆ ತಲೆಬಿಸಿ ಬೇಡ ಅನ್ನುವವರಿಗೆ ನೀರುದೋಸೆ ಉಂಟಲ್ಲ, ಅದಕ್ಕೆ ಹುದುಗೇ ಬೇಡ.

ಹೊಸಬ್ಬಳು
ಹಿಟ್ಟು ಫ್ರಿಜ್ಜಲ್ಲಿ ಎಷ್ಟು ದಿನ? ಹುಳಿ ಜಾಸ್ತಿ ಆದ್ರೆ ವಿಷವಾ?

ಲ್ಯಾಬ್ ಕೋಟು
ಹುಳಿ ವಿಷ ಅಲ್ಲ, ಹುಳಿಯೇ ಕಾವಲು. ಚೆನ್ನಾಗಿ ಹುದುಗಿದ ಹಿಟ್ಟಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 4.5. ಅಲ್ಲಿ ಹೊಟ್ಟೆ ಕೆಡಿಸೋ ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಬೆಳೆಯೋಕೆ ಆಗಲ್ಲ. ಫ್ರಿಜ್ಜಲ್ಲಿ 4 ಡಿಗ್ರಿಯಲ್ಲೂ ಹುದುಗು ಪೂರ್ತಿ ನಿಲ್ಲಲ್ಲ, ಕುಂಟುತ್ತಾ ನಡೆಯುತ್ತೆ, ಅದಕ್ಕೇ ದಿನ ದಿನ ಹುಳಿ ಏರೋದು. ಮೊದಲ ಎರಡು ದಿನ ಇಡ್ಲಿ, ಆಮೇಲೆ ದೋಸೆ, ನಾಲ್ಕನೇ ದಿನ ಈರುಳ್ಳಿ ಹಾಕಿ ಊತಪ್ಪ, ಅಲ್ಲಿಗೆ ಮುಗಿಸಿ. ಚೆಲ್ಲಬೇಕಾದ್ದು ಯಾವಾಗ ಅಂದ್ರೆ: ಮೇಲೆ ಗುಲಾಬಿ ಅಥವಾ ಕಿತ್ತಳೆ ಬಣ್ಣ ಕಂಡರೆ, ಕಪ್ಪು ಹಸಿರು ಚುಕ್ಕೆ ಬಂದರೆ, ಹುಳಿ ವಾಸನೆಯ ಬದಲು ಕೊಳೆತ ವಾಸನೆ ಬಂದರೆ. ಬಣ್ಣ ಬಂದ ಪದರ ತೆಗೆದು ಉಳಿದದ್ದು ಬಳಸೋದು ಬೇಡ, ಪೂರ್ತಿ ಚೆಲ್ಲಿ. ಬಚ್ಚಲಿನ ಟೈಲ್ಸ್ ಸಂದಿಯಲ್ಲಿ ಗುಲಾಬಿ ಲೋಳೆ ಕಟ್ಟುತ್ತಲ್ಲ, ಅದು ಹೆಚ್ಚಾಗಿ ಸೆರೇಷಿಯಾ ಅನ್ನೋ ಬ್ಯಾಕ್ಟೀರಿಯಾ. ಹಿಟ್ಟಿನ ಮೇಲಿನ ಬಣ್ಣ ಅಂಥದ್ದೇ ಒಂದು ಬ್ಯಾಕ್ಟೀರಿಯಾದ್ದಾಗಿರಬಹುದು, ಯೀಸ್ಟಿನದ್ದೂ ಆಗಿರಬಹುದು. ಕಣ್ಣಲ್ಲಿ ನೋಡಿ ಹೇಳೋಕೆ ಬರಲ್ಲ, ಅದಕ್ಕೇ ಚೆಲ್ಲಿ ಅನ್ನೋದು.

ಹೆಪ್ಪು
ಮೊಸರಿಗೆ ಬರ್ತೀನಿ. ನೂಲು ಎಳೆಯೋ ಮೊಸರನ್ನು ಕಂಡ ಕೂಡಲೇ ಚೆಲ್ಲೋರು ತುಂಬ ಜನ, ಅದು ದುಡುಕು. ಕೆಲವು ಹುಳಿ ಬ್ಯಾಕ್ಟೀರಿಯಾ ತಳಿಗಳು ಬೆಳೀತಾ ಬೆಳೀತಾ ಅಂಟಿನಂಥ ಸಕ್ಕರೆ ಸರಪಳಿ ಹೊರಗೆ ಬಿಡುತ್ತವೆ. ಶಾಖ ಕಡಿಮೆ ಇದ್ದಾಗ ಇವುಗಳದ್ದೇ ಕೈ ಮೇಲು. ಅದಕ್ಕೇ ಚಳಿಗಾಲದಲ್ಲಿ ಈ ದೂರು ಜಾಸ್ತಿ. ವಾಸನೆ ರುಚಿ ಎರಡೂ ಮೊಸರಿನದ್ದೇ ಆಗಿದ್ರೆ ತಿನ್ನಬಹುದು, ಕಡೆದು ಮಜ್ಜಿಗೆ ಮಾಡಿದ್ರೆ ಗೊತ್ತೂ ಆಗಲ್ಲ. ಕಹಿ ಇದ್ದರೆ, ಕೆಟ್ಟ ವಾಸನೆ ಇದ್ದರೆ, ಗುಳ್ಳೆ ಎದ್ದು ಒಡೆದಿದ್ರೆ ಮಾತ್ರ ಚೆಲ್ಲಿ. ಆದರೆ ನೂಲು ಮೊಸರನ್ನು ಮುಂದಿನ ಹೆಪ್ಪಿಗೆ ಬಳಸಬೇಡಿ, ಅದೇ ತಳಿ ಮುಂದುವರಿಯುತ್ತೆ. ಬೇರೆ ಮನೆಯಿಂದ ಹೆಪ್ಪು ಕೇಳಿ ತನ್ನಿ.

ಸರಿಯಾಗಿ ಹೆಪ್ಪು ಹಾಕೋ ರೀತಿ: ಒಂದು ಲೀಟರ್ ಹಾಲು ಉಕ್ಕಿದ ಮೇಲೂ ಸಣ್ಣ ಉರಿಯಲ್ಲಿ 5ರಿಂದ 10 ನಿಮಿಷ ಕಾಯಿಸಿ. ಇದು ಬರೀ ಕ್ರಿಮಿ ಸಾಯಲಿ ಅಂತ ಅಲ್ಲ. ಹಾಲಿನ ನೀರಿನಂಶದಲ್ಲಿರೋ ಪ್ರೋಟೀನು ಆ ಶಾಖಕ್ಕೆ ಬಿಚ್ಚಿಕೊಂಡು ಹಾಲಿನ ಮುಖ್ಯ ಪ್ರೋಟೀನಾದ ಕೇಸಿನ್‌ಗೆ ಅಂಟುತ್ತೆ, ಮೊಸರು ಗಟ್ಟಿ ಬರೋದು ಅದರಿಂದ. ಆಮೇಲೆ 40–42 ಡಿಗ್ರಿಗೆ ಆರಿಸಿ. ಕಿರುಬೆರಳು ಅದ್ದಿ ಹತ್ತು ಎಣಿಸೋವರೆಗೂ ಇಟ್ಟರೆ ಬೆಚ್ಚಗಿರಬೇಕು, ಚುರುಕ್ ಅನ್ನಬಾರದು. ಬೇಸಿಗೆಯಲ್ಲಿ ಒಂದು ಚಮಚ, ಚಳಿಗೆ ಎರಡು ಚಮಚ ಹೆಪ್ಪು, ಸ್ವಲ್ಪ ಹಾಲಲ್ಲಿ ಕದಡಿ ಬೆರೆಸಿ. ಆಮೇಲೆ ಪಾತ್ರೆ ಅಲುಗಾಡಿಸಬಾರದು. ಪಿಎಚ್ 4.6 ಆದಾಗ ಕೇಸಿನ್ ಗಟ್ಟಿಯಾಗಿ ಕೂರುತ್ತೆ. ಆ ಹೊತ್ತಿಗೆ ಅಲ್ಲಾಡಿಸಿದ್ರೆ ಒಡೆದು ನೀರು ಬಿಡುತ್ತೆ. ಹೆಪ್ಪಾದ ತಕ್ಷಣ ಫ್ರಿಜ್ಜಿಗೆ ಸೇರಿಸಿ, ಇಲ್ಲದಿದ್ರೆ ಹುಳಿ ಏರ್ತಾನೇ ಇರುತ್ತೆ.

ಕರಾವಳಿ ಗಂಜಿ
ಹೆಪ್ಪೇ ಇಲ್ಲದ ಊರಲ್ಲಿ ಮೆಣಸಿನ ತೊಟ್ಟು ಹಾಕಿ ಮೊಸರು ಮಾಡ್ತಾರಲ್ಲ, ಅದು ನಿಜವೋ?

ಹೆಪ್ಪು
ನಿಜ. ಹಸಿಮೆಣಸಿನ ತೊಟ್ಟಿನ ಮೇಲೂ ಹುಳಿ ಬ್ಯಾಕ್ಟೀರಿಯಾ ಇರುತ್ತೆ. ತೊಳೆದ ಮೂರು ನಾಲ್ಕು ತೊಟ್ಟು ಬೆಚ್ಚಗಿನ ಹಾಲಲ್ಲಿ ಮುಳುಗಿಸಿ 10–12 ಗಂಟೆ ಬಿಟ್ಟರೆ ತೆಳ್ಳಗೆ ಹೆಪ್ಪಾಗುತ್ತೆ. ಅದನ್ನು ತಿನ್ನೋಕಿಂತ ಎರಡನೇ ಸಲದ ಹೆಪ್ಪಾಗಿ ಬಳಸಿ. ಹೊರದೇಶದಲ್ಲಿರೋ ನಮ್ಮವರಿಗೆ ಇದಕ್ಕಿಂತ ಸುಲಭ ದಾರಿ ಅಂದ್ರೆ ಅಲ್ಲಿನ ಅಂಗಡಿಯ ಸಾದಾ ಯೋಗರ್ಟು. ಡಬ್ಬಿ ಮೇಲೆ ಜೀವಂತ ಕಲ್ಚರ್ ಇದೆ ಅಂತ ಬರೆದಿರಬೇಕು ಅಷ್ಟೆ.

ಹೊಸಬ್ಬಳು
ಹಾಲು ಚೆನ್ನಾಗಿದ್ದೂ ಹೆಪ್ಪೇ ಆಗದಿದ್ರೆ?

ಹೆಪ್ಪು
ಮೊದಲು ನೋಡಬೇಕಾದ್ದು ಹಾಲು ತುಂಬ ಬಿಸಿ ಇದ್ದಾಗ ಹೆಪ್ಪು ಹಾಕಿದ್ರಾ ಅಂತ. 50 ಡಿಗ್ರಿ ದಾಟಿದ್ರೆ ಹೆಪ್ಪಿಗೆ ಕಷ್ಟ. ಎರಡನೇದು ಹೆಪ್ಪು ವಾರದ ಹಳೇದಾ ಅಂತ. ಇವೆರಡೂ ಸರಿ ಇದ್ದು, ಹೊಸ ಹೆಪ್ಪಿಗೂ ಕೂರಲಿಲ್ಲ ಅಂದ್ರೆ ಹಾಲಿನಲ್ಲಿ ಆಂಟಿಬಯಾಟಿಕ್ ಉಳಿದಿರೋ ಸಾಧ್ಯತೆ ಇದೆ. ಹಸುವಿಗೆ ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಮೇಲೆ ಆ ಔಷಧಿಗೆ ಹೇಳಿರೋಷ್ಟು ದಿನ ಹಾಲು ಮಾರಬಾರದು. ಮಾರಿದ್ರೆ ಹೆಪ್ಪಿನ ಬ್ಯಾಕ್ಟೀರಿಯಾ ಅದಕ್ಕೆ ಸಾಯುತ್ತೆ. ಮನೆಯಲ್ಲಿ ಯಂತ್ರ ಇಲ್ಲದೇ ಇದನ್ನು ತೋರಿಸಿಕೊಡೋದು ಮೊಸರೊಂದೇ.

ಲ್ಯಾಬ್ ಕೋಟು
ಇನ್ನು ಅನ್ನ. ಇದು ನಾಲ್ಕರಲ್ಲಿ ಅತಿ ಮುಖ್ಯ, ಯಾಕಂದ್ರೆ ಇಲ್ಲಿ ಮೂಗು ಮೋಸ ಮಾಡುತ್ತೆ. ‘ಚೆನ್ನಾಗಿ ಬಿಸಿ ಮಾಡಿದ್ರೆ ಸಾಕಲ್ವಾ’ ಅಂದ್ರಿ. ಸಾಲದು.

ಅಕ್ಕಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ. ಅನ್ನ ಬೇಯೋ ಶಾಖಕ್ಕೆ ಬ್ಯಾಕ್ಟೀರಿಯಾ ಸಾಯುತ್ತೆ, ಬೀಜಕ ಉಳಿಯುತ್ತೆ. ಅನ್ನ ಆರಿ ಉಗುರುಬೆಚ್ಚಗೆ ಆದಾಗ ಬೀಜಕ ಮೊಳೆತು ಬೆಳೆಯುತ್ತೆ. ಕೆಲವು ತಳಿಗಳು ಸೆರ್ಯುಲೈಡ್ ಅನ್ನೋ ವಿಷ ಬಿಡುತ್ತವೆ. ಈ ವಿಷ 121 ಡಿಗ್ರಿಯಲ್ಲಿ 90 ನಿಮಿಷ ಇಟ್ಟರೂ ಹಾಳಾಗಲ್ಲ. ಬಾಣಲೆಯ ಒಗ್ಗರಣೆ ಅದನ್ನೇನು ಮಾಡೀತು? ಬ್ಯಾಕ್ಟೀರಿಯಾ ಸಾಯುತ್ತೆ, ಅದು ಬಿಟ್ಟ ವಿಷ ಅನ್ನದಲ್ಲೇ ಉಳಿಯುತ್ತೆ. ತಿಂದ ಒಂದರಿಂದ ಐದು ಗಂಟೆಯೊಳಗೆ ವಾಂತಿ. ಇದನ್ನು ಮೊದಲು ಗುರುತಿಸಿದ್ದು 1970ರ ದಶಕದ ಶುರುವಿನಲ್ಲಿ ಬ್ರಿಟನ್ನಿನಲ್ಲಿ, ಹಿಂದಿನ ದಿನದ ಅನ್ನದಿಂದ ಮಾಡಿದ ಫ್ರೈಡ್ ರೈಸ್ ತಿಂದವರಲ್ಲಿ.

ಮಾಡಬೇಕಾದ್ದು ಇಷ್ಟು. ಉಳಿದ ಅನ್ನವನ್ನು ಕುಕ್ಕರ್‌ನಲ್ಲೇ ಮುದ್ದೆಯಾಗಿ ಬಿಡಬೇಡಿ, ಅದರ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತೆ. ಅಗಲ ತಟ್ಟೆಯಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ, ಹಬೆ ಹೋದ ಕೂಡಲೇ, ಬೆಂದ ಎರಡು ಗಂಟೆಯೊಳಗೆ, ಫ್ರಿಜ್ಜಿಗೆ ಹಾಕಿ. ಮಾರನೇ ದಿನ ಮುಗಿಸಿ. ರಾತ್ರಿಯಿಡೀ ಕಟ್ಟೆ ಮೇಲಿದ್ದ ಅನ್ನ ವಾಸನೆ ಇಲ್ಲದಿದ್ರೂ ಚಿತ್ರಾನ್ನಕ್ಕೆ ಬೇಡ.

ಜೋಳದ ರೊಟ್ಟಿ
ಅಲ್ರೀ, ತಲೆತಲಾಂತರದಿಂದ ತಂಗಳನ್ನ ಉಂಡೇ ಹೊಲಕ್ಕ ಹೋಗ್ಯಾರ. ಜೋಳದ ನುಚ್ಚಿಗೆ ಮಜ್ಜಿಗಿ ಹಾಕಿ ಅಂಬಲಿ ಕುಡದಾರ. ಅವರಿಗೆಲ್ಲ ಏನೂ ಆಗಿಲ್ಲೇನ್ರೀ? ನೀವು ಹೆದರಸಾಕ ಹತ್ತೀರಿ.

ಲ್ಯಾಬ್ ಕೋಟು
ನೀವು ಹೇಳಿದ್ರಲ್ಲೇ ಉತ್ತರ ಇದೆ ಅಣ್ಣಾ. ತಂಗಳನ್ನ ಅಂದ್ರೆ ಒಣ ಅನ್ನ ಮುಚ್ಚಿಟ್ಟಿದ್ದಲ್ಲ. ಅನ್ನ ಮುಳುಗೋ ಹಾಗೆ ನೀರು ಹಾಕಿ ಮಡಕೆಯಲ್ಲಿ ಇಡ್ತಿದ್ರು, ಹೆಚ್ಚಿನ ಮನೆಗಳಲ್ಲಿ ಅದಕ್ಕೆ ಒಂದು ಸೌಟು ಮಜ್ಜಿಗೆ. ನೀರು ಹಾಕಿದ್ರಿಂದ ಅನ್ನ ಬೇಗ ತಣ್ಣಗಾಯ್ತು. ಮಜ್ಜಿಗೆ ಹಾಕಿದ್ರಿಂದ ಹುಳಿ ಬ್ಯಾಕ್ಟೀರಿಯಾ ಮೊದಲು ಜಾಗ ಹಿಡೀತು. ಪಿಎಚ್ 4.5ರ ಹತ್ತಿರ ಇಳಿದ ಮೇಲೆ ಸಿರಿಯಸ್ಸಿಗೆ ಬೆಳೆಯೋಕೆ ಆಗಲ್ಲ. ಅಂಬಲಿಯದ್ದೂ ಇದೇ ಕಥೆ. ಅವರು ಮಾಡಿದ್ದು ಸರಿ, ನಾವು ಕುಕ್ಕರ್ ಮುಚ್ಚಳ ಹಾಕಿ ಮಲಗೋದು ತಪ್ಪು.

ಎರಡು ಲೋಟ ಅನ್ನಕ್ಕೆ ಪೂರ್ತಿ ಆರಿದ ಮೇಲೆ ಮೂರು ಲೋಟ ಕಾಯಿಸಿ ಆರಿಸಿದ ನೀರು, ನಾಲ್ಕು ಚಮಚ ತಾಜಾ ಮೊಸರು, ಅರ್ಧ ಚಮಚ ಉಪ್ಪು. ಬೆಳಿಗ್ಗೆ ಹಿತವಾದ ಹುಳಿ ವಾಸನೆ ಇರಬೇಕು. ಹುಳಿಯೇ ಬಂದಿಲ್ಲ ಅಂದ್ರೆ ಚೆಲ್ಲಿ.

ಜೋಳದ ರೊಟ್ಟಿ
ಹಂಗ ಬಿಡಿಸಿ ಹೇಳ್ರಿ ಮತ್ತ. ಈಗ ಒಪ್ಪಿದೆ. ಹುಳಿ ಬರದಿದ್ರ ಚೆಲ್ಲಬೇಕು ಅನ್ನೋದು ಮಾತ್ರ ಹೊಸಾದು.

ಭಾರಿ ಪಾತ್ರೆ
ಮದುವೆ ಅಡುಗೆಯವರು ಇದನ್ನು ಓದಬೇಕು. ದೊಡ್ಡ ಪಾತ್ರೆಯ ಬಿಸಿಬೇಳೆಬಾತ್, ಪಲಾವ್, ಮಾಂಸದ ಸಾರು ಇವಕ್ಕೆ ಇನ್ನೊಬ್ಬ ಇದ್ದಾನೆ, ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಅವನಿಗೆ 43–45 ಡಿಗ್ರಿ ಅಂದ್ರೆ ಹಬ್ಬ, ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿ ಆಗ್ತಾನೆ. ಲೆಕ್ಕ ಹಾಕಿ, ಮೂರು ಗಂಟೆಗೆ 18 ಸಲ ಇಮ್ಮಡಿ, ಒಂದಿದ್ದದ್ದು 2,62,144. 100 ಲೀಟರ್ ಪಾತ್ರೆಯ ನಡುಭಾಗ ಬೆಳಗಿನ ಜಾವ ಇಳಿಸಿದ್ದು ಮಧ್ಯಾಹ್ನದ ಪಂಕ್ತಿಗೂ ಬೆಚ್ಚಗೇ ಇರುತ್ತೆ, ಗಾಳಿ ಅಲ್ಲಿಗೆ ಹೋಗಲ್ಲ, ಅವನಿಗೆ ಗಾಳಿ ಬೇಡವೇ ಬೇಡ. ದಾರಿ ಎರಡೇ: ಒಂದೋ ಸಣ್ಣ ಉರಿ ಅಥವಾ ಬಿಸಿನೀರ ಪಾತ್ರೆಯಲ್ಲಿ 60 ಡಿಗ್ರಿಗಿಂತ ಮೇಲೆ ಇಟ್ಟುಕೊಳ್ಳಿ, ಇಲ್ಲವೇ ಕೊನೆಯ ಒಗ್ಗರಣೆಯನ್ನು ಊಟಕ್ಕೆ ಒಂದು ಗಂಟೆ ಮುಂಚೆ ಇಟ್ಟುಕೊಂಡು ಅಲ್ಲಿವರೆಗೆ ಬೇಳೆ, ಅನ್ನ ಬೇರೆ ಬೇರೆ ಇಡಿ. ತಳಕ್ಕೆ ಸೌಟು ಹಾಕಿ ಥರ್ಮಾಮೀಟರ್ ನಡುವಿಗೆ ಇಳಿಸಿ ನೋಡಬೇಕು, ಮೇಲೆ ಕೈ ಇಟ್ಟು ನೋಡೋದಲ್ಲ.

ಹೊಸಬ್ಬಳು
ಪುಳಿಯೋಗರೆ ಪ್ರಯಾಣಕ್ಕೆ ತಗೊಂಡು ಹೋಗ್ತಾರಲ್ಲ?

ಭಾರಿ ಪಾತ್ರೆ
ಹುಣಸೆ ಹುಳಿ, ಉಪ್ಪು, ಎಣ್ಣೆ ಮೂರೂ ಸೇರಿ ಕಾಯುತ್ತವೆ. ಆದರೂ ಅನ್ನ ಹರಡಿ ಆರಿಸಿ, ಗೊಜ್ಜು ಪ್ರತಿ ಅಗುಳಿಗೂ ತಾಗೋ ಹಾಗೆ ಕಲಸಬೇಕು. ಬಿಳಿ ಅಗುಳು ಉಳಿದ ಕಡೆ ಹುಳಿ ಇಲ್ಲ ಅಂತಲೇ ಅರ್ಥ.

ತೆಂಗಿನಮನೆ
ಕೊಬ್ಬರಿಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳ್ತೀನಿ. ತಿಪಟೂರು ಕಡೆ ಉಂಡೆ ಕೊಬ್ಬರಿ ಮಾಡೋದು ಕಾಯಿಯನ್ನು ಅಟ್ಟದ ಮೇಲೆ 8ರಿಂದ 12 ತಿಂಗಳು ಬಿಟ್ಟು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಅಲ್ಲಾಡಿಸಿದ್ರೆ ಗಡಗಡ ಅನ್ನಬೇಕು. ಕೊಬ್ಬರಿಯಲ್ಲಿ ತೇವ 6–7 ಶೇಕಡಕ್ಕೆ ಇಳಿದಿದ್ರೆ ಬೂಷ್ಟು ಹತ್ತಲ್ಲ. ಹತ್ತೋದು ಎಲ್ಲಿ ಅಂದ್ರೆ ಚಿಪ್ಪು ಬಿರುಕು ಬಿಟ್ಟ ಕಾಯಿ, ಪೂರ್ತಿ ಒಣಗೋ ಮುಂಚೆ ಒಡೆದದ್ದು, ಮಳೆಗಾಲದಲ್ಲಿ ಗೋಣಿಚೀಲದಲ್ಲಿ ನೆಲಕ್ಕೆ ತಾಗಿಸಿ ಇಟ್ಟದ್ದು. ಮನೆಯಲ್ಲಿ ಕೊಬ್ಬರಿ ಗಿಟುಕನ್ನು ಎರಡು ದಿನ ಬಿಸಿಲಿಗೆ ಹಾಕಿ, ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ. ಬಿಸಿ ಇದ್ದಾಗಲೇ ಮುಚ್ಚಿದ್ರೆ ಒಳಗೆ ಬೆವರಿ ಅದೇ ನೀರಿಗೆ ಬೂಷ್ಟು ಬರುತ್ತೆ.

ಬೂಷ್ಟು ಬಂದ ಮೇಲೆ ಒರೆಸಿ ಬಳಸೋದು ಬೇಡ. ಅದರಲ್ಲೂ ಹಳದಿ ಮಿಶ್ರಿತ ಹಸಿರು ಪುಡಿ ಕಂಡ್ರೆ ಬೇಡವೇ ಬೇಡ.

ಮಿತವ್ಯಯ
ಸುಮ್ಮನೆ ವ್ಯರ್ಥ ಆಗುತ್ತಲ್ಲ. ಒರೆಸಿ, ಬಿಸಿಲಿಗೆ ಇಟ್ಟು, ಹುರಿದ್ರೆ ಏನು ತೊಂದರೆ?

ಲ್ಯಾಬ್ ಕೋಟು
ಆ ಹಳದಿ ಹಸಿರು ಆಸ್ಪರ್ಜಿಲ್ಲಸ್ ಫ್ಲೇವಸ್ ಆಗಿರಬಹುದು. ಅದು ಬಿಡೋ ವಿಷ ಅಫ್ಲಾಟಾಕ್ಸಿನ್, ಯಕೃತ್ತಿಗೆ ಹೊಡೆತ, ಕ್ಯಾನ್ಸರ್‌ಗೂ ಕಾರಣ. ಕಾಣೋ ಪುಡಿ ಬರೀ ಹೂವು, ಬೇರಿನಂಥ ಎಳೆಗಳು ಒಳಗೆ ಇಳಿದಿರುತ್ತವೆ. ವಿಷವೂ ಒಳಗೇ. ಅಡುಗೆಯ ಶಾಖಕ್ಕೆ ಅದು ಪೂರ್ತಿ ಹೋಗಲ್ಲ, ಹುರಿದ್ರೆ ಸ್ವಲ್ಪ ಕಡಿಮೆ ಆಗುತ್ತೆ ಅಷ್ಟೆ. ಇದು ಬೆಳಕಿಗೆ ಬಂದದ್ದೇ 1960ರಲ್ಲಿ ಇಂಗ್ಲೆಂಡಿನಲ್ಲಿ, ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ. 1974ರಲ್ಲಿ ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡ್ರು. ಒಂದು ಗಿಟುಕು ಉಳಿಸೋಕೆ ಹೋಗಿ ಈ ಅಪಾಯ ಯಾಕೆ? ಕಡಲೆಕಾಯಿಯಲ್ಲೂ ಅಷ್ಟೇ, ಸುಕ್ಕುಗಟ್ಟಿ ಬಣ್ಣಗೆಟ್ಟ ಬೀಜ, ಕಹಿ ಬೀಜ ಆರಿಸಿ ಬಿಸಾಡಿ. ದನಕ್ಕೂ ಹಾಕಬೇಡಿ, ಅದು ಹಾಲಿಗೆ ಬರುತ್ತೆ.

ಮಿತವ್ಯಯ
ಹಾಲಿಗೆ ಬರುತ್ತೆ ಅನ್ನೋದು ಗೊತ್ತಿರಲಿಲ್ಲ. ಬಿಸಾಡ್ತೀವಿ.

ಮಿಡಿಮಾವು
ಎಲ್ಲಾ ಬೂಷ್ಟಿಗೂ ಒಂದೇ ಶಿಕ್ಷೆ ಕೊಡಬೇಡಿ ಮಾರ್ರೆ. ಅಪ್ಪೆಮಿಡಿ ಉಪ್ಪುನೀರಿನ ಮೇಲೆ ಕೆಲವೊಮ್ಮೆ ತೆಳ್ಳನೆ ಬಿಳಿ ಪರೆ ಕಟ್ಟುತ್ತೆ, ಸುಕ್ಕು ಸುಕ್ಕಾದ ಹಾಲಿನ ಕೆನೆ ಹಾಗೆ. ಅದು ಯೀಸ್ಟು. ಉಪ್ಪು ಕಡಿಮೆಯಾಗಿದೆ ಅಥವಾ ಮಿಡಿ ಮೇಲೆ ತೇಲ್ತಾ ಇದೆ ಅಂತ ಅದರ ಅರ್ಥ. ಒಣ ಸೌಟಿನಲ್ಲಿ ಪರೆ ತೆಗೆದು, ಉಪ್ಪುನೀರು ಸೋಸಿ ಕುದಿಸಿ ಆರಿಸಿ, ಉಪ್ಪು ಸೇರಿಸಿ, ಮೇಲೆ ಭಾರ ಇಟ್ಟು ಮಿಡಿ ಮುಳುಗಿಸಿ. ಆದರೆ ಪರೆ ಅಲ್ಲದೆ ಉಣ್ಣೆಯ ಹಾಗೆ ಎದ್ದು ನಿಂತ ಬಣ್ಣದ ಬೂಷ್ಟು ಬಂದರೆ, ಮಿಡಿ ಮೆತ್ತಗಾಗಿದ್ದರೆ ಚೆಲ್ಲಬೇಕು, ಅದರಲ್ಲಿ ನನ್ನದೂ ಒಪ್ಪಿಗೆ.

ಅಳತೆ ಹೇಳ್ತೀನಿ. ಒಂದು ಕಿಲೋ ಮಿಡಿಗೆ ಕಾಲು ಕಿಲೋ ಹರಳುಪ್ಪು. ಮಿಡಿಗೆ ತೊಟ್ಟು ಸ್ವಲ್ಪ ಬಿಟ್ಟು ಕತ್ತರಿಸಿ, ಸೊನೆ ಒಳಗೇ ಇರಬೇಕು. ಭರಣಿ ಬಿಸಿಲಲ್ಲಿ ಕಾದು ಪೂರ್ತಿ ಒಣಗಿರಬೇಕು. ಒಂದು ಪದರ ಮಿಡಿ, ಒಂದು ಪದರ ಉಪ್ಪು. ದಿನಕ್ಕೊಮ್ಮೆ ಒಣ ಮರದ ಸೌಟಲ್ಲಿ ಮಗುಚಿ. ಹತ್ತು ಹದಿನೈದು ದಿನಕ್ಕೆ ಮಿಡಿ ಚಿರುಟಿ, ಬಿಟ್ಟ ನೀರಲ್ಲೇ ಮುಳುಗುತ್ತೆ. ಒಂದೇ ಒಂದು ಹಸಿ ಚಮಚ ಸಾಕು ಇಡೀ ಭರಣಿ ಕೆಡೋಕೆ. ಚಮಚ ಮುಟ್ಟಿದ ಜಾಗದಲ್ಲಿ ಉಪ್ಪು ತೆಳುವಾಗಿ ಬೂಷ್ಟಿಗೆ ಬಾಗಿಲು ತೆರೆದ ಹಾಗೆ ಆಗುತ್ತೆ.

ಅಡಿಕೆ ದಬ್ಬೆ
ಬೂಷ್ಟಿನ ಮಾತು ಬಂತಲ್ಲ, ಮಲೆನಾಡಲ್ಲಿ ಮಳೆ ಹಿಡಿದ ಕೂಡಲೇ ನೆನಪಾಗೋದು ಅಡಿಕೆ ಕಾಯಿ ಕೊಳೆಯೋ ಕೊಳೆರೋಗ. ಅದೂ ಸೂಕ್ಷ್ಮಾಣುವೇ. ಈ ಪದ ಎಷ್ಟು ದೂರ ಹೋಗಿದೆ ಅಂದ್ರೆ, ಕಾಫಿಯ ಕಪ್ಪು ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ ಸಸ್ಯವಿಜ್ಞಾನಿಗಳು ಇಟ್ಟ ಹೆಸರೇ ಪೆಲಿಕ್ಯುಲೇರಿಯಾ ಕೊಳೆರೋಗ. ಅಡಿಕೆಯ ಕೊಳೆಯನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಧ್ಯಯನ ಮಾಡಿ 1910ರಲ್ಲಿ ಬರೆದ್ರು. ಬೋರ್ಡೋ ಸಿಂಪಡಣೆ ನಮ್ಮ ತೋಟಗಳಲ್ಲಿ ಬೇರೂರೋಕೆ ಅವರ ಕೆಲಸವೇ ಕಾರಣ.

ಬೋರ್ಡೋ ದ್ರಾವಣ ಅಂದ್ರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. 50 ಲೀಟರ್ ನೀರಲ್ಲಿ ತುತ್ತ ಒಂದು ಪ್ಲಾಸ್ಟಿಕ್ ಡ್ರಮ್ಮಲ್ಲಿ, 50 ಲೀಟರಲ್ಲಿ ಸುಣ್ಣ ಇನ್ನೊಂದರಲ್ಲಿ ಕರಗಿಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಕೋಲಾಡಿಸ್ತಾ ಸುರಿಯಿರಿ, ಉಲ್ಟಾ ಬೇಡ. ಹೊಳೆಯೋ ಕತ್ತಿಯ ಬಾಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕತ್ತಿ ಮೇಲೆ ತಾಮ್ರದ ಕೆಂಪು ಕೂತಿದ್ರೆ ತುತ್ತ ಜಾಸ್ತಿ, ಇನ್ನೂ ಸುಣ್ಣ ಬೇಕು. ಮಾಡಿದ ದಿನವೇ ಹೊಡೆದು ಮುಗಿಸಿ. ಮೊದಲನೇದು ಮಳೆ ಹಿಡಿಯೋ ಮುಂಚೆ, ಎರಡನೇದು 40–45 ದಿನಕ್ಕೆ.

ಲ್ಯಾಬ್ ಕೋಟು
ಸಣ್ಣ ತಿದ್ದುಪಡಿ: ಅಡಿಕೆ ಕೊಳೆಗೆ ಕಾರಣವಾದ ಫೈಟಾಫ್ತೊರ ಅನ್ನೋ ಸೂಕ್ಷ್ಮಾಣು ನಿಜವಾದ ಶಿಲೀಂಧ್ರ ಅಲ್ಲ, ಪಾಚಿಗಳಿಗೆ ಹತ್ತಿರದ ಬೇರೆ ಬಳಗ. ಅದರ ಬೀಜಕಗಳು ನೀರಲ್ಲಿ ಈಜುತ್ತವೆ, ಅದಕ್ಕೇ ಎಡೆಬಿಡದ ಮಳೆಗೆ ಗೊನೆಯಿಂದ ಗೊನೆಗೆ ಹಾರೋದು.

ಅಡಿಕೆ ದಬ್ಬೆ
ಸರಿ. ಗೊನೆಗೆ ಹೊದಿಕೆ ಹಾಕಿ ಕೊಟ್ಟೆ ಕಟ್ಟೋದು ಕೂಡ ಅದಕ್ಕೇ ಕೆಲಸ ಮಾಡೋದು, ಗೊನೆಗೆ ನೀರು ತಾಗಲ್ಲ.

ಹೊಸಬ್ಬಳು
ತಾಮ್ರ ಅಂದಾಗ ನೆನಪಾಯ್ತು, ತಾಮ್ರದ ಚೊಂಬಿನ ನೀರು ನಿಜವಾಗಿ ಕ್ರಿಮಿ ಕೊಲ್ಲುತ್ತಾ?

ಲ್ಯಾಬ್ ಕೋಟು
ಕೊಲ್ಲುತ್ತೆ, ಆದರೆ ಹೊತ್ತು ಬೇಕು. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬೇಕೆಂದೇ ಭೇದಿ, ಕಾಲರಾ ಬ್ಯಾಕ್ಟೀರಿಯಾ ಸೇರಿಸಿದ ನೀರನ್ನು ತಾಮ್ರದ ಕೊಡದಲ್ಲಿ 16 ಗಂಟೆ ಇಟ್ಟರು, ಆಮೇಲೆ ಅವು ಬೆಳೆಯಲಿಲ್ಲ. ಬೆಳಿಗ್ಗೆ ತುಂಬಿ ಮಧ್ಯಾಹ್ನ ಕುಡಿದ್ರೆ ಆ ಲೆಕ್ಕ ಹಿಡಿಯಲ್ಲ. ಕೊಳಕು ನೀರಿಗೆ ಇದನ್ನೇ ನೆಚ್ಚಿಕೊಳ್ಳಬೇಡಿ, ಕಳಕಳ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ, ಅಷ್ಟು ಸಾಕು. ಮಜ್ಜಿಗೆ, ನಿಂಬೆ, ಹುಣಸೆಯನ್ನು ಕಲಾಯಿ ಇಲ್ಲದ ತಾಮ್ರದಲ್ಲಿ ಇಡಬಾರದು, ಹುಳಿಗೆ ತಾಮ್ರ ಕರಗಿ ಹೊಟ್ಟೆ ತೊಳಸುತ್ತೆ.

ಕೈಗುಣ
ಎರಡು ಡಬ್ಬಿ ಪರೀಕ್ಷೆ ಮಾಡಿದೆ. ಕೈಯಲ್ಲಿ ಕಲಸಿದ್ದು ರಬ್ಬರ್ ಬ್ಯಾಂಡಿಂದ 5 ಸೆಂಟಿಮೀಟರ್ ಮೇಲೆ, ಸೌಟಿನದ್ದು 4.8. ರಾತ್ರಿ 9ರಿಂದ ಬೆಳಿಗ್ಗೆ 8, ಓವನ್ ದೀಪದಲ್ಲಿ.

ಒರಳುಕಲ್ಲು
ಹಾಗಾದ್ರೆ ಗಾಯ ಇದ್ದಾಗ ಸೌಟು ಹಿಡೀರಿ, ಇಲ್ಲದಾಗ ಕೈ ತೊಳೆದು ಕಲಸಿ.

ಸಣ್ಣಡುಗೆಮನೆ
ಎಲ್ಲರಿಗೂ ತುಂಬ ಥ್ಯಾಂಕ್ಸ್. ಇನ್ನೊಂದು ಮಾತ್ರ: ಫ್ರಿಜ್ಜಿನ ಒಳಗೆ 4 ಡಿಗ್ರಿ ಇದೆಯಾ ಅಂತ ನೋಡೋದು ಹೇಗೆ? ಗುಂಡಿಯ ಮೇಲೆ ಬರೀ 1ರಿಂದ 7 ಇದೆ.

ಭಾರಿ ಪಾತ್ರೆ
ಆ ಅಂಕಿ ಡಿಗ್ರಿ ಅಲ್ಲ, ತಂಪಿನ ಜೋರು. ಒಂದು ಲೋಟ ನೀರಲ್ಲಿ ಥರ್ಮಾಮೀಟರ್ ಅದ್ದಿ ನಡುವಿನ ಹಲಗೆ ಮೇಲೆ ರಾತ್ರಿಯಿಡೀ ಇಡಿ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಓದಿ. ಜ್ವರದ ಥರ್ಮಾಮೀಟರ್ ಬೇಡ, ಅದು ಅಷ್ಟು ಕೆಳಗಿನ ಶಾಖ ತೋರಿಸಲ್ಲ. 5ಕ್ಕಿಂತ ಮೇಲಿದ್ರೆ ಗುಂಡಿ ಒಂದು ಅಂಕಿ ಏರಿಸಿ ಮತ್ತೆ ನೋಡಿ. ಹಾಲು, ಅನ್ನ ಬಾಗಿಲಿನ ಗೂಡಲ್ಲಿ ಬೇಡ, ಅಲ್ಲಿ ಬಾಗಿಲು ತೆರೆದಾಗಲೆಲ್ಲ ಹೊರಗಿನ ಬಿಸಿ ತಾಗುತ್ತೆ. ಅಲ್ಲಿ ಉಪ್ಪಿನಕಾಯಿ ಇಡಿ.